ಸ್ಪಿನ್ ‘ಎರರ್ 0’ ಅನ್ನುತ್ತೆ, ಆದರೆ ಆಸ್ಪತ್ರೆಯ 305 ಸದಾ ಎಂಗೇಜ್

ಇಂಟರ್‌ಕಾಂ_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಫರ್ಮ್‌ವೇರ್ (ಯಂತ್ರದ ಒಳಗೇ ಓಡುವ ಸಾಫ್ಟ್‌ವೇರ್) ಬರೆಯುತ್ತೇನೆ. ಲಾಡ್ಜ್, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಇಂಟರ್‌ಕಾಂ ಎಕ್ಸ್‌ಚೇಂಜ್ ಮಾಡಿಕೊಡುತ್ತೇವೆ. ಒಂದು ಆಸ್ಪತ್ರೆಯಿಂದ ಬರುತ್ತಿರುವ ದೂರು ನಮ್ಮನ್ನು ಬಹಳ ಕಾಡುತ್ತಿದೆ. ಅಲ್ಲಿ 305 ಅನ್ನೋದು ಮೂರನೇ ಮಹಡಿಯ ನರ್ಸ್ ಟೇಬಲ್. ಆಗೊಮ್ಮೆ ಈಗೊಮ್ಮೆ ಅದು ಕೈಕೊಡುತ್ತೆ. ಯಾರು ಕರೆ ಮಾಡಿದರೂ ಎಂಗೇಜ್ ಟೋನ್. ಅಲ್ಲಿ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೂಡ ಇಲ್ಲ, ಪೂರ್ತಿ ಮೌನ. ಎಕ್ಸ್‌ಚೇಂಜ್‌ನ ಪವರ್ ತೆಗೆದು ಹಾಕಿದರೆ ಸರಿಹೋಗುತ್ತೆ. ಜಾಸ್ತಿ ಆಗೋದು ರಾತ್ರಿ ಪಾಳಿಯಲ್ಲಿ. ನಮ್ಮ ಟೇಬಲ್ ಮೇಲೆ ಎಷ್ಟು ಸಲ ಪ್ರಯತ್ನ ಮಾಡಿದರೂ ಒಮ್ಮೆಯೂ ಬರಲಿಲ್ಲ.

ಆಸ್ಪತ್ರೆ ಅಂದ ಮೇಲೆ ಇದನ್ನು ‘ರೀಸ್ಟಾರ್ಟ್ ಮಾಡ್ಕೊಳ್ಳಿ’ ಅಂತ ಹೇಳಿ ಬಿಟ್ಟುಬಿಡೋಕೆ ಆಗಲ್ಲ. ಅದಕ್ಕೇ ಕರೆಯ ಪ್ರೋಟೋಕಾಲನ್ನು, ಅಂದರೆ ಯಾವ ಸಂದೇಶಕ್ಕೆ ಯಾರು ಏನು ಮಾಡಬೇಕು ಅನ್ನೋ ನಿಯಮಗಳನ್ನು, ಪ್ರೊಮೆಲಾ ಭಾಷೆಯಲ್ಲಿ ಮಾಡೆಲ್ ಆಗಿ ಬರೆದು ಸ್ಪಿನ್‌ಗೆ ಕೊಟ್ಟೆ. ಮಾಡೆಲ್ ನಡೆಯಬಹುದಾದ ಎಲ್ಲ ದಾರಿಗಳನ್ನೂ ಹುಡುಕಿ ತಪ್ಪು ತೋರಿಸುವ ಸಾಫ್ಟ್‌ವೇರ್ ಅದು.

ಒಳಗಿನ ವ್ಯವಸ್ಥೆ ಹೀಗಿದೆ. ಒಂದು ಮೇನ್ ಬೋರ್ಡ್. ಪ್ರತಿ ಎಕ್ಸ್‌ಟೆನ್ಷನ್‌ಗೂ ಒಂದು ಲೈನ್ ಕಾರ್ಡ್, ಅದರಲ್ಲಿ ಅದರದೇ ಪುಟ್ಟ ಕಂಟ್ರೋಲರ್. ಕಾರ್ಡ್‌ನಿಂದ ಬೋರ್ಡ್‌ಗೆ ನಾಲ್ಕು ಸಂದೇಶ: ‘ಎತ್ತಿದರು’, ‘ಇಟ್ಟರು’, ‘ನಂಬರ್’, ‘ರಿಂಗ್ ನಿಂತಿದೆ’. ಬೋರ್ಡ್‌ನಿಂದ ಕಾರ್ಡ್‌ಗೆ ರಿಂಗ್ ಕೊಡು, ರಿಂಗ್ ನಿಲ್ಲಿಸು, ಇಂಥ ಟೋನ್ ಕೊಡು ಅನ್ನುವ ಆಜ್ಞೆಗಳು. ಬೋರ್ಡ್ ಪ್ರತಿ ಎಕ್ಸ್‌ಟೆನ್ಷನ್‌ಗೂ ಏಳು ಸ್ಥಿತಿ ಇಟ್ಟುಕೊಳ್ಳುತ್ತೆ: ಖಾಲಿ, ಡಯಲ್ ಟೋನ್, ರಿಂಗ್‌ಬ್ಯಾಕ್, ರಿಂಗ್, ಮಾತು, ಎಂಗೇಜ್ ಟೋನ್, ತೆರವು.

ಈ ‘ತೆರವು’ ಬರೋದು ಒಂದೇ ದಾರಿಯಲ್ಲಿ. 45 ಸೆಕೆಂಡ್ ರಿಂಗ್ ಆದರೂ ಯಾರೂ ಎತ್ತಲಿಲ್ಲ ಅಂದರೆ ಟೈಮರ್ ಮುಗಿಯುತ್ತೆ. ಬೋರ್ಡ್ ‘ರಿಂಗ್ ನಿಲ್ಲಿಸು’ ಕಳಿಸಿ, ‘ನಿಂತಿದೆ’ ಅಂತ ಉತ್ತರ ಬರುವವರೆಗೆ ಆ ಎಕ್ಸ್‌ಟೆನ್ಷನ್ನನ್ನು ತೆರವಿನಲ್ಲಿ ಇಡುತ್ತೆ. ರಿಂಗ್ ವೋಲ್ಟೇಜ್‌ನ ಸಪ್ಲೈ ಒಂದೇ ಇರೋದರಿಂದ ಒಂದೇ ಸಲಕ್ಕೆ ಇಂತಿಷ್ಟೇ ಫೋನ್ ರಿಂಗ್ ಆಗಬೇಕು ಅನ್ನೋ ಮಿತಿ ಇದೆ. ಆ ಲೆಕ್ಕ ತಪ್ಪಬಾರದು ಅಂತ ಉತ್ತರಕ್ಕೆ ಕಾಯುತ್ತೇವೆ. ಕರೆ ಮಾಡಿದವರೇ ಮಧ್ಯದಲ್ಲಿ ಇಟ್ಟುಬಿಟ್ಟರೆ ಮಾತ್ರ ಬೇರೆ ಫಂಕ್ಷನ್. ಅದು ‘ನಿಲ್ಲಿಸು’ ಕಳಿಸಿ ನೇರ ಖಾಲಿಗೆ ಹೋಗುತ್ತೆ.

ಮಾಡೆಲ್‌ನಲ್ಲಿ ಬೋರ್ಡ್‌ಗೆ ಒಂದು ಪ್ರೊಸೆಸ್, 201, 202, 305ಕ್ಕೆ ಮೂರು ಕಾರ್ಡ್ ಪ್ರೊಸೆಸ್. ಕಾರ್ಡ್‌ಗಳ ಸಂದೇಶ ಒಂದೇ ಕ್ಯೂಗೆ ಬರುತ್ತೆ, ಅಳತೆ 3. ಒಂದು ಸಂದೇಶವನ್ನು ಬೋರ್ಡ್ ಓದುವವರೆಗೆ ಕಾರ್ಡ್ ಮುಂದಿನದನ್ನು ಕಳಿಸಲ್ಲ, ಹಾಗಾಗಿ ಮೂರು ಸಾಕು. ಫರ್ಮ್‌ವೇರ್‌ನ ಸೀ ಭಾಷೆಯ ಕೋಡ್‌ನಲ್ಲಿ, ಆ ಸ್ಥಿತಿಗೆ ಕೇಸ್ (ಏನು ಮಾಡಬೇಕು ಅನ್ನೋ ಸಾಲು) ಬರೆಯದ ಸಂದೇಶ ಬಂದರೆ ‘ಡೀಫಾಲ್ಟ್’ಗೆ ಹೋಗಿ ಬಿದ್ದುಹೋಗುತ್ತೆ. ಮಾಡೆಲ್‌ನಲ್ಲೂ ಹಾಗೇ ಬರೆದಿದ್ದೇನೆ. ರಿಂಗ್ ಟೈಮರ್‌ಗೆ ಪ್ರೊಮೆಲಾದ ‘ಟೈಮ್‌ಔಟ್’ ಬಳಸಿದ್ದೇನೆ.

ಪ್ಯಾನ್ (ಮಾಡೆಲ್‌ನಿಂದ ಸ್ಪಿನ್ ತಯಾರಿಸುವ ಪರೀಕ್ಷಕ ಪ್ರೋಗ್ರಾಂ) ಓಡಿಸಿದರೆ ಎರರ್ 0. ಡೆಡ್‌ಲಾಕ್ ಇಲ್ಲ, ಅಂದರೆ ಎಲ್ಲವೂ ಕಾಯುತ್ತಾ ಪೂರ್ತಿ ನಿಂತುಹೋಗೋ ಸ್ಥಿತಿ ಇಲ್ಲ. ಕೆಳಗೆ ‘ಅನ್‌ರೀಚ್ಡ್’ ಅಂತ ಬೋರ್ಡ್ ಪ್ರೊಸೆಸ್‌ನ ಕೆಲವು ಸಾಲು ತೋರಿಸುತ್ತೆ, ಅಷ್ಟೇ.

ನನ್ನ ಪ್ರಶ್ನೆ: ಪ್ರೋಟೋಕಾಲ್ ಸರಿ ಇದೆ, ತಪ್ಪು ಹಾರ್ಡ್‌ವೇರ್‌ನಲ್ಲಿ ಹುಡುಕಬೇಕು ಅಂತ ಇದರ ಅರ್ಥವೇ? ನಮ್ಮ ಆಫೀಸಿನಲ್ಲಿ ರಿಲೇ ಬದಲಿಸೋಣ ಅನ್ನೋ ಮಾತು ಶುರುವಾಗಿದೆ. ಮೂರು ಫೋನ್ ಕಡಿಮೆಯಾಯಿತಾ? ಹತ್ತು ಹಾಕಬೇಕಾ?

---

ಹಳೇ_ಎಕ್ಸ್‌ಚೇಂಜ್_ಜಯನಗರ

ರಿಲೇ ಮುಟ್ಟಬೇಡಿ. ಮೊದಲು ಆ ‘ಅನ್‌ರೀಚ್ಡ್’ ಸಾಲುಗಳು ಯಾವುವು ಹೇಳಿ. ಟೈಮರ್ ಮುಗಿಯುವ ಸಾಲು ಮತ್ತು ತೆರವು ಸ್ಥಿತಿಯ ಸಾಲುಗಳೇ ಅಲ್ವಾ?

ನಾನು ಎಕ್ಸ್‌ಚೇಂಜ್ ಸಾಫ್ಟ್‌ವೇರ್‌ನಲ್ಲೇ ನೌಕರಿ ಮುಗಿಸಿದವಳು. ಒಂದು ವಿಷಯ ಖಚಿತವಾಗಿ ಹೇಳಬಲ್ಲೆ. ಚೆಕ್ಕರ್ ಕೊಟ್ಟ ಸೊನ್ನೆಗಿಂತ ಮೊದಲು ಅದರ ಕೆಳಗಿನ ಅನ್‌ರೀಚ್ಡ್ ಪಟ್ಟಿ ಓದಬೇಕು. ಆ ಸಾಲುಗಳಿಗೆ ಸ್ಪಿನ್ ಒಂದು ಸಲವೂ ಹೋಗಿಲ್ಲ. ಹೋಗದ ಜಾಗದಲ್ಲಿ ತಪ್ಪು ಇದೆಯೋ ಇಲ್ಲವೋ ಅದು ಹೇಳೋದಾದರೂ ಹೇಗೆ?

ಯಾಕೆ ಹೋಗಿಲ್ಲ ಅಂದರೆ, ಪ್ರೊಮೆಲಾದ ಟೈಮ್‌ಔಟ್ ಗಡಿಯಾರವಲ್ಲ. ಇಡೀ ಮಾಡೆಲ್‌ನಲ್ಲಿ ಬೇರೆ ಯಾವ ಪ್ರೊಸೆಸ್‌ನ ಯಾವ ಹೆಜ್ಜೆಯೂ ಸಾಧ್ಯವಿಲ್ಲ ಅನ್ನುವಾಗ ಮಾತ್ರ ಅದು ನಿಜವಾಗುತ್ತೆ. ನಿಮ್ಮ 305 ರಿಂಗ್ ಆಗುತ್ತಿರುವಷ್ಟು ಹೊತ್ತೂ ಅಲ್ಲಿನವರು ರಿಸೀವರ್ ಎತ್ತಬಹುದು. ಅಂದರೆ ಒಂದು ಹೆಜ್ಜೆ ಯಾವಾಗಲೂ ಸಾಧ್ಯ. ಟೈಮ್‌ಔಟ್‌ಗೆ ಸರದಿಯೇ ಬರಲ್ಲ. ನಿಮ್ಮ ಮಾಡೆಲ್‌ನಲ್ಲಿ ಪ್ರತಿ ಕರೆಗೂ ಯಾರಾದರೂ ಉತ್ತರ ಕೊಡುತ್ತಾರೆ, ಇಲ್ಲವೇ ಕರೆ ಮಾಡಿದವರೇ ಇಡುತ್ತಾರೆ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಹಾಗಾಗುತ್ತಾ?

ಟೈಮ್‌ಔಟ್ ತೆಗೆದುಹಾಕಿ. ಅದರ ಜಾಗದಲ್ಲಿ ಸುಮ್ನೆ ಒಂದು ಮುಕ್ತ ಆಯ್ಕೆ ಇಡಿ. ರಿಂಗ್ ಸ್ಥಿತಿಯಲ್ಲಿ ಬೋರ್ಡ್ ಕ್ಯೂನಿಂದ ಸಂದೇಶ ಓದಬಹುದು, ಅಥವಾ ಯಾವ ಕ್ಷಣದಲ್ಲಾದರೂ ಟೈಮರ್ ಮುಗಿಯಿತು ಅನ್ನಬಹುದು. 45 ಸೆಕೆಂಡ್ ಅನ್ನೋದನ್ನು ಮಾಡೆಲ್ ಮರೆತುಬಿಡಲಿ. ಅದಕ್ಕೆ ಬೇಕಿರೋದು ಕ್ರಮ ಮಾತ್ರ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ‘ಎತ್ತಿದರು’ ಕ್ಯೂನಲ್ಲಿ ಕೂತಿರುವಾಗಲೇ ಟೈಮರ್ ಮುಗಿದರೆ ಏನಾಗುತ್ತೆ ಅನ್ನೋ ಪ್ರಶ್ನೆ ಆಗ ತಾನಾಗಿ ಬರುತ್ತೆ. ರಾತ್ರಿ ಪಾಳಿಯಲ್ಲೇ ಯಾಕೆ ಅಂತ ನನಗೆ ಈಗಲೇ ಒಂದು ಅಂದಾಜಿದೆ. ರಾತ್ರಿ ಟೇಬಲ್ ಹತ್ತಿರ ಯಾರೂ ಇರಲ್ಲ. ವಾರ್ಡಿನ ಆ ಕೊನೆಯಿಂದ ಓಡಿಬಂದು ಎತ್ತುತ್ತಾರೆ. ಹಗಲಲ್ಲಿ ಮೂರನೇ ರಿಂಗ್‌ಗೆ ಎತ್ತುವ ಫೋನನ್ನು ರಾತ್ರಿ ಕೊನೇ ರಿಂಗ್‌ನಲ್ಲಿ ಎತ್ತುತ್ತಾರೆ.

ಇನ್ನೊಂದು. ಟೈಮರ್ ಸರಿಮಾಡಿದರೂ ಡೆಡ್‌ಲಾಕ್ ಪರೀಕ್ಷೆಯಲ್ಲಿ ಮತ್ತೆ ಸೊನ್ನೆಯೇ ಬರಬಹುದು. 305 ಸತ್ತು ಕೂತರೂ 201, 202 ಎತ್ತುವುದು, ಇಡುವುದು ಮಾಡುತ್ತಲೇ ಇರುತ್ತವೆ. ವ್ಯವಸ್ಥೆ ಪೂರ್ತಿ ನಿಂತಿಲ್ಲವಲ್ಲ, ಸ್ಪಿನ್ ಅದನ್ನು ತಪ್ಪು ಅನ್ನಲ್ಲ. ನಿಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು. ‘305 ಯಾವಾಗ ತೆರವಿಗೆ ಹೋದರೂ, ಒಂದಲ್ಲ ಒಂದು ಹೊತ್ತಿಗೆ ಅದರಿಂದ ಹೊರಗೆ ಬರಲೇಬೇಕು.’ ಸ್ಪಿನ್ 6ರಿಂದ ಇಂಥ ಮಾತನ್ನು ಎಲ್‌ಟಿಎಲ್ ಸೂತ್ರವಾಗಿ, ಅಂದರೆ ಕಾಲಕ್ರಮದ ತರ್ಕದ ಭಾಷೆಯಲ್ಲಿ, ಮಾಡೆಲ್ ಫೈಲ್ ಒಳಗೇ ಬರೆಯಬಹುದು.

ಹತ್ತು ಫೋನ್ ಬೇಡವೇ ಬೇಡ. ಏಳು ಸ್ಥಿತಿಯ ಮೂರು ಫೋನ್ ಅಂದರೆ 343 ಜೋಡಣೆ. ಹತ್ತು ಫೋನ್ ಅಂದರೆ 28 ಕೋಟಿಗಿಂತ ಜಾಸ್ತಿ. ಕ್ಯೂ ಒಳಗೆ ಏನಿದೆ ಅನ್ನೋದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕರೆ ಮಾಡುವವರು ಒಬ್ಬರು, ಎತ್ತುವವರು ಒಬ್ಬರು, ಮಧ್ಯೆ ಬಾಯಿ ಹಾಕುವವರು ಒಬ್ಬರು. ಈ ದೂರಿಗೆ ಇಷ್ಟು ಸಾಕು.

---

ಇಂಟರ್‌ಕಾಂ_ಮೈಸೂರು

ಮೇಡಂ, ನೀವು ಹೇಳಿದ್ದೇ ಸಾಲುಗಳು. ಟೈಮರ್ ಮುಗಿಯುವುದು, ಅದರ ಕೆಳಗೆ ತೆರವು ಪೂರ್ತಿ.

ಈಗ ಮುಕ್ತ ಆಯ್ಕೆ ಇಟ್ಟೆ. ಅನ್‌ರೀಚ್ಡ್ ಪಟ್ಟಿ ಖಾಲಿಯಾಯಿತು. ಡೆಡ್‌ಲಾಕ್ ಪರೀಕ್ಷೆಯಲ್ಲಿ ನೀವು ಹೇಳಿದ ಹಾಗೆ ಮತ್ತೆ 0. ತೆರವಿನ ಸೂತ್ರ ಬರೆದು ಓಡಿಸಿದೆ, ತಕ್ಷಣ ಎರರ್ ಬಂತು. ಆದರೆ ಟ್ರೇಲ್ (ತಪ್ಪಿನವರೆಗೆ ಹೋದ ಹೆಜ್ಜೆಗಳ ಪಟ್ಟಿ) ನೋಡಿದರೆ ವಿಚಿತ್ರವಾಗಿದೆ. 305 ತೆರವಿಗೆ ಹೋಗುತ್ತೆ. ಆಮೇಲೆ 201 ಎತ್ತುತ್ತೆ, ಇಡುತ್ತೆ, ಎತ್ತುತ್ತೆ, ಇಡುತ್ತೆ, ಹೀಗೇ ಕೊನೆಯಿಲ್ಲದೆ. 305ರ ಕಾರ್ಡ್‌ಗೆ ‘ನಿಲ್ಲಿಸು’ ಬಂದು ಕೂತಿದೆ, ಆದರೆ ಅದು ಓದುವುದೇ ಇಲ್ಲ. ನಿಜದಲ್ಲಿ ಕಾರ್ಡ್ ಕೆಲವು ಮಿಲಿಸೆಕೆಂಡ್‌ನಲ್ಲಿ ಓದುತ್ತೆ. ಇದನ್ನು ತಪ್ಪು ಅಂತ ತಗೊಳ್ಳಬೇಕಾ?

---

ಐಂಡ್‌ಹೋವನ್_ಕನ್ನಡಿಗ

ಇದು ನಿಮ್ಮ ಎಕ್ಸ್‌ಚೇಂಜ್‌ನ ತಪ್ಪಲ್ಲ. ಯಾವ ಪ್ರೊಸೆಸ್‌ಗೆ ಸರದಿ ಕೊಡಬೇಕು ಅನ್ನುವುದರಲ್ಲಿ ಸ್ಪಿನ್‌ಗೆ ಪೂರ್ತಿ ಸ್ವಾತಂತ್ರ್ಯ ಇದೆ. ಒಂದು ಪ್ರೊಸೆಸ್‌ಗೆ ಎಂದಿಗೂ ಸರದಿ ಕೊಡದ ಓಟವೂ ಅದರ ಲೆಕ್ಕದಲ್ಲಿ ಓಟವೇ. ಪ್ಯಾನ್ ಓಡಿಸುವಾಗ ಮೈನಸ್ ಎ (ಸೂತ್ರ ಪರೀಕ್ಷಿಸುವ ಆಯ್ಕೆ) ಜೊತೆ ಮೈನಸ್ ಎಫ್ ಕೊಡಿ. ಅದು ವೀಕ್ ಫೇರ್‌ನೆಸ್. ಹೆಜ್ಜೆ ಇಡಲು ಸತತವಾಗಿ ಸಿದ್ಧವಾಗಿರುವ ಪ್ರೊಸೆಸ್‌ಗೆ ಒಂದಲ್ಲ ಒಂದು ಹೊತ್ತಿಗೆ ಸರದಿ ಸಿಗಲೇಬೇಕು ಅನ್ನುವ ನಿಯಮ. ಹುಡುಕಾಟ ನಿಧಾನವಾಗುತ್ತೆ, ಆದರೆ ನಿಮ್ಮ ಮಾಡೆಲ್ ಚಿಕ್ಕದು, ಪರವಾಗಿಲ್ಲ.

ಒಂದು ಎಚ್ಚರಿಕೆ. ಈ ಫೇರ್‌ನೆಸ್ ಪ್ರೊಸೆಸ್ ಮಟ್ಟದ್ದು. ನೀವು ಕಾರ್ಡ್‌ನ ಕೆಲಸ, ರಿಸೀವರ್ ಎತ್ತಿ ಇಡುವ ಮನುಷ್ಯನ ಕೆಲಸ ಎರಡನ್ನೂ ಒಂದೇ ಪ್ರೊಸೆಸ್‌ನಲ್ಲಿ ಬರೆದಿದ್ದೀರಿ. ಹಾಗಿದ್ದರೆ ಎತ್ತಿದ ಮನುಷ್ಯ ಒಂದು ದಿನ ಇಡಲೇಬೇಕು ಅಂತ ಫೇರ್‌ನೆಸ್ ಬಲವಂತ ಮಾಡುತ್ತೆ. ಯಾಕೆಂದರೆ ಆ ಪ್ರೊಸೆಸ್‌ಗೆ ಬೇರೆ ಹೆಜ್ಜೆ ಉಳಿದಿರಲ್ಲ. ಹೀಗಾದರೆ ಕೆಲವು ನಿಜವಾದ ತಪ್ಪುಗಳು ಮುಚ್ಚಿಹೋಗುತ್ತವೆ. ಮನುಷ್ಯನನ್ನು ಬೇರೆ ಪ್ರೊಸೆಸ್ ಮಾಡಿ. ಅವನಿಗೆ ಎತ್ತುವುದು, ಇಡುವುದರ ಜೊತೆ ‘ಸುಮ್ಮನೆ ಇರು’ ಅನ್ನುವ ಹೆಜ್ಜೆಯೂ ಇರಲಿ. ಕಾರ್ಡ್ ಮಾತ್ರ ಬೋರ್ಡ್‌ನಿಂದ ಬಂದ ಆಜ್ಞೆಯನ್ನು ಮೊದಲು ನೋಡಲಿ, ಆಮೇಲೆ ಮನುಷ್ಯನ ಕಡೆ ತಿರುಗಲಿ. ಯಂತ್ರಕ್ಕೆ ಕೆಲಸ ಮಾಡಲೇಬೇಕಾದ ಕಟ್ಟುಪಾಡು ಇದೆ. ಫೋನ್ ಹಿಡಿದವರಿಗೆ ಇಲ್ಲ.

ಟ್ರೇಲ್ ಉದ್ದ ಬಂದರೆ ಮೈನಸ್ ಎಂ ಕೊಟ್ಟು ಹುಡುಕಾಟದ ಆಳ ಕಡಿಮೆ ಮಾಡುತ್ತಾ ಹೋಗಿ. ಓದುವ ಹಾಗಿನ ಟ್ರೇಲ್ ಸಿಗುತ್ತೆ.

---

ಇಂಟರ್‌ಕಾಂ_ಮೈಸೂರು

ಸಿಕ್ಕಿತು! ಆಳ ಕಡಿಮೆ ಮಾಡಿ ಬಂದ ಟ್ರೇಲನ್ನು ಕನ್ನಡದಲ್ಲಿ ಬರೆದಿದ್ದೇನೆ, ಒಂದೊಂದು ಸಾಲೂ ನೋಡಿ.

201 ಎತ್ತಿತು, 305 ಡಯಲ್ ಮಾಡಿತು.
ಬೋರ್ಡ್ 305ಕ್ಕೆ ರಿಂಗ್ ಕೊಟ್ಟಿತು, 201ಕ್ಕೆ ರಿಂಗ್‌ಬ್ಯಾಕ್.
305ರಲ್ಲಿ ಮನುಷ್ಯ ರಿಸೀವರ್ ಎತ್ತಿದ. ಕಾರ್ಡ್ ರಿಂಗ್ ಕತ್ತರಿಸಿ ‘ಎತ್ತಿದರು’ ಕಳಿಸಿತು. ಅದು ಕ್ಯೂನಲ್ಲಿದೆ.
ಬೋರ್ಡ್ ಅದನ್ನು ಓದುವ ಮೊದಲೇ ಟೈಮರ್ ಮುಗಿಯಿತು. 305ಕ್ಕೆ ‘ನಿಲ್ಲಿಸು’ ಹೋಯಿತು. ಬೋರ್ಡ್ ಲೆಕ್ಕದಲ್ಲಿ 305 ತೆರವು.
ಬೋರ್ಡ್ ಕ್ಯೂನಿಂದ ‘ಎತ್ತಿದರು’ ಓದಿತು. ತೆರವಿನಲ್ಲಿ ಅದಕ್ಕೆ ಕೇಸ್ ಇಲ್ಲ. ಡೀಫಾಲ್ಟ್. ಬಿದ್ದುಹೋಯಿತು.
305ರ ಕಾರ್ಡ್ ‘ನಿಲ್ಲಿಸು’ ಓದಿತು. ರಿಂಗ್ ಆಗಲೇ ನಿಂತಿದೆ, ರಿಸೀವರ್ ಮೇಲಿದೆ. ಈ ಸ್ಥಿತಿಯಲ್ಲಿ ‘ನಿಲ್ಲಿಸು’ಗೆ ಕೇಸ್ ಇಲ್ಲ. ಅದೂ ಬಿದ್ದುಹೋಯಿತು. ಉತ್ತರ ಕಳಿಸಲಿಲ್ಲ.
ಬೋರ್ಡ್ ಉತ್ತರಕ್ಕೆ ಕಾಯುತ್ತಿದೆ. ಕಾಯುತ್ತಲೇ ಇದೆ.

ಇದಾದ ಮೇಲೆ 305ರಲ್ಲಿ ಇಟ್ಟರೂ ಎತ್ತಿದರೂ ಎಲ್ಲವೂ ಡೀಫಾಲ್ಟ್‌ಗೆ ಹೋಗುತ್ತೆ. ಡಯಲ್ ಟೋನ್ ಇಲ್ಲ. 202ರಿಂದ ಕರೆ ಮಾಡಿದರೆ ಎಂಗೇಜ್. ದೂರಿನಲ್ಲಿ ಇರೋದು ಅಕ್ಷರಶಃ ಇದೇ.

ಟೇಬಲ್ ಮೇಲೆ ಪ್ರಯತ್ನಿಸಿದಾಗ ಯಾಕೆ ಬರಲಿಲ್ಲ ಅಂತ ಈಗ ಅರ್ಥವಾಗುತ್ತೆ. ಟೈಮರ್ ಮುಗಿಯುವುದಕ್ಕೆ ಸರಿಯಾಗಿ ಮೊದಲು, ಬೋರ್ಡ್ ಕ್ಯೂ ಓದುವ ಲೂಪ್‌ನ ಒಂದು ಸುತ್ತಿನ ಒಳಗೆ ರಿಸೀವರ್ ಎತ್ತಬೇಕು. ಕೈಯಲ್ಲಿ ಅದು ಕೂಡಿಬರೋದು ಅಪರೂಪ.

ಪರಿಹಾರಕ್ಕೆ ನನ್ನ ಯೋಚನೆ ಇಷ್ಟು: ರಿಂಗ್ ಆಗಲೇ ನಿಂತಿದ್ದರೂ ‘ನಿಲ್ಲಿಸು’ ಬಂದಾಗಲೆಲ್ಲ ಕಾರ್ಡ್ ‘ನಿಂತಿದೆ’ ಅಂತ ಉತ್ತರ ಕೊಡಲಿ. ಒಂದೇ ಸಾಲಿನ ಬದಲಾವಣೆ. ಸಾಕಾ?

---

ಹಳೇ_ಎಕ್ಸ್‌ಚೇಂಜ್_ಜಯನಗರ

ಟ್ರೇಲ್ ಓದಿ ಬಹಳ ಸಂತೋಷವಾಯಿತು. ಎಷ್ಟು ಚೆನ್ನಾಗಿ ಬಿಡಿಸಿ ಬರೆದಿದ್ದೀರಿ!

ಒಂದು ಸಾಲು ಸಾಕಾಗಲ್ಲ ಅನ್ನಿಸುತ್ತೆ. ಕಾರ್ಡ್ ಉತ್ತರ ಕೊಟ್ಟಿತು, ಬೋರ್ಡ್ 305ನ್ನು ಖಾಲಿ ಮಾಡಿತು, ಸರಿ. ಆದರೆ ‘ಎತ್ತಿದರು’ ಅನ್ನೋದು ತೆರವಿನಲ್ಲಿ ಬಿದ್ದುಹೋಯಿತಲ್ಲ. ಬೋರ್ಡ್ ಲೆಕ್ಕದಲ್ಲಿ ಫೋನ್ ಖಾಲಿ, ಟೇಬಲ್ ಹತ್ತಿರ ನರ್ಸ್ ರಿಸೀವರ್ ಕಿವಿಗೆ ಹಿಡಿದು ನಿಂತಿದ್ದಾರೆ. ಟೋನ್ ಇಲ್ಲ. ಆ ಹೊತ್ತಿಗೆ ಇನ್ನೊಬ್ಬರು ಕರೆ ಮಾಡಿದರೆ ಎತ್ತಿದ ಫೋನ್‌ಗೆ ರಿಂಗ್ ಕೊಡೋಕೆ ಹೋಗುತ್ತೆ. ನೀವು ಇಟ್ಟ ಸೂತ್ರ ಇದನ್ನು ಹಿಡಿಯಲ್ಲ, ಅದು ತೆರವಿನ ಬಗ್ಗೆ ಮಾತ್ರ ಕೇಳುತ್ತೆ. ಎರಡನೇ ಸೂತ್ರ ಬೇಕು: ‘ಎತ್ತಿದ ಮೇಲೆ ಒಂದೋ ಯಾವುದಾದರೂ ಟೋನ್ ಅಥವಾ ಮಾತು ಸಿಗಬೇಕು, ಇಲ್ಲವೇ ಅವರೇ ಇಟ್ಟಿರಬೇಕು.’ ಐಂಡ್‌ಹೋವನ್‌ನವರು ಮನುಷ್ಯನನ್ನು ಬೇರೆ ಮಾಡಿ ಅಂದದ್ದು ಇಲ್ಲಿ ಉಪಯೋಗಕ್ಕೆ ಬರುತ್ತೆ. ಇಡಲೇಬೇಕು ಅನ್ನೋ ಬಲವಂತ ಇದ್ದಿದ್ದರೆ ಈ ಸೂತ್ರ ಸುಲಭವಾಗಿ ಪಾಸಾಗಿಬಿಡುತ್ತಿತ್ತು.

ಈ ಸೂತ್ರಕ್ಕೆ ಒಳ್ಳೇ ಮನೆತನ ಇದೆ. ಸ್ಪಿನ್ ಹುಟ್ಟಿದ್ದೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಟೆಲಿಫೋನ್‌ನವರ ಮನೆಯಲ್ಲಿ. ಜೆರಾರ್ಡ್ ಹೋಲ್ಜ್‌ಮನ್ ಅಲ್ಲಿ 1980ರಿಂದಲೇ ಪ್ರೋಟೋಕಾಲ್ ಪರೀಕ್ಷಿಸುವ ಸಾಧನಗಳನ್ನು ಬರೆಯುತ್ತಾ ಬಂದರು. 1990ರ ದಶಕದ ಕೊನೆಯಲ್ಲಿ ಲೂಸೆಂಟ್ ಕಂಪನಿಯ ಪಾತ್‌ಸ್ಟಾರ್ ಅನ್ನುವ ಸ್ವಿಚ್‌ನ (ಎಕ್ಸ್‌ಚೇಂಜ್‌ನ) ಕಾಲ್ ಪ್ರೊಸೆಸಿಂಗ್ ಕೋಡನ್ನು ಸ್ಪಿನ್‌ನಿಂದ ಪರೀಕ್ಷೆ ಮಾಡಿದರು. ಅಲ್ಲಿನ ವಿಶೇಷ ಅಂದರೆ ಮಾಡೆಲನ್ನು ಕೈಯಲ್ಲಿ ಬರೆಯಲಿಲ್ಲ. ಸೀ ಕೋಡ್‌ನಿಂದಲೇ ಯಂತ್ರದ ಮೂಲಕ ಮಾಡೆಲ್ ತೆಗೆಯುತ್ತಿದ್ದರು. ಕೋಡ್ ಬದಲಾದಾಗೆಲ್ಲ ಪರೀಕ್ಷೆ ಮತ್ತೆ ಓಡುತ್ತಿತ್ತು. ಅಲ್ಲಿ ಕೇಳುತ್ತಿದ್ದ ಪ್ರಶ್ನೆಗಳೂ ಇಂಥವೇ. ಚಂದಾದಾರ ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತಾ, ಅವನು ಮಧ್ಯದಲ್ಲೇ ಇಟ್ಟರೆ ಏನು, ಕಾಲ್ ವೇಟಿಂಗ್ ಇದ್ದಾಗ ಏನು. ಕಂಪ್ಯೂಟರ್ ತಜ್ಞರ ಸಂಘ ಎಸಿಎಂನ 2001ರ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಸ್ಪಿನ್‌ಗೆ ಬಂತು.

ಇನ್ನು ಆ ಡೀಫಾಲ್ಟ್ ಬಗ್ಗೆ. ಸೀ ಭಾಷೆಯ ಸ್ವಿಚ್-ಕೇಸ್ (ಯಾವ ಸಂದೇಶಕ್ಕೆ ಏನು ಅಂತ ಆರಿಸುವ ಕೋಡ್) ನೋಡಿದಾಗೆಲ್ಲ ನನಗೆ 1990ರ ಜನವರಿ 15 ನೆನಪಾಗುತ್ತೆ. ಅವತ್ತು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಒದ್ದಾಡಿತು. ನ್ಯೂಯಾರ್ಕಿನ ಒಂದು ಸ್ವಿಚ್ ತೊಂದರೆಯಾಗಿ ತನ್ನನ್ನು ತಾನೇ ರೀಸೆಟ್ ಮಾಡಿಕೊಂಡು ಮತ್ತೆ ಕರೆ ಕಳಿಸಲು ಶುರುಮಾಡಿತು. ‘ಓ, ಇವನು ವಾಪಸ್ ಬಂದ’ ಅಂತ ಪಕ್ಕದ ಸ್ವಿಚ್ ತನ್ನ ಪಟ್ಟಿ ತಿದ್ದುತ್ತಿರುವಾಗಲೇ ಅದೇ ಕಡೆಯಿಂದ ಎರಡನೇ ಸಂದೇಶ ಬಂತು. ಅಲ್ಲಿನ ಕೋಡ್‌ನಲ್ಲಿ ಒಂದು ‘ಬ್ರೇಕ್’ (ಇಲ್ಲಿಂದ ಹೊರಗೆ ಹೋಗು ಅನ್ನೋ ಆಜ್ಞೆ) ತಪ್ಪು ಜಾಗದಲ್ಲಿತ್ತು. ಡೇಟಾ ಕೆಟ್ಟು ಈ ಸ್ವಿಚ್ಚೂ ರೀಸೆಟ್ ಆಯಿತು. ಇದು ಎದ್ದಾಗ ಅದರ ಪಕ್ಕದ್ದು ಬಿತ್ತು. 114 ಸ್ವಿಚ್‌ಗಳಿಗೂ ಅದೇ ಸಾಫ್ಟ್‌ವೇರ್ ಇತ್ತು. ಒಂದು ಸಂದೇಶ ಬಂದರೆ ಏನೂ ಆಗುತ್ತಿರಲಿಲ್ಲ. ಎರಡು ಸಂದೇಶ ಬಹಳ ಹತ್ತಿರ ಬಂದರೆ ಮಾತ್ರ. ನಿಮ್ಮ 305ರ ಕಥೆಯೂ ಅದೇ ಜಾತಿಯದು.

ನಾವು ಎಕ್ಸ್‌ಚೇಂಜ್ ಕೆಲಸ ಕಲಿಯುವಾಗ ಎಸ್‌ಡಿಎಲ್ ಅನ್ನುವ ಚಿತ್ರಭಾಷೆಯಲ್ಲಿ ಚಿತ್ರಗಳನ್ನು ಬರೆಸುತ್ತಿದ್ದರು. ಒಂದು ಸ್ಥಿತಿ, ಅದರ ಕೆಳಗೆ ಬರಬಹುದಾದ ಒಂದೊಂದು ಸಂಕೇತಕ್ಕೂ ಒಂದು ಕಾಲುವೆ. ಎಸ್‌ಡಿಎಲ್‌ನಲ್ಲಿ ಬರೆಯದೇ ಬಿಟ್ಟ ಸಂಕೇತ ಬಂದರೆ ಅದು ಸದ್ದಿಲ್ಲದೆ ಬಿದ್ದುಹೋಗುತ್ತೆ, ನಿಮ್ಮ ಡೀಫಾಲ್ಟ್ ಹಾಗೇ. ಪ್ರೊಮೆಲಾದಲ್ಲಿ ಬರೆಯದೇ ಬಿಟ್ಟರೆ ಪ್ರೊಸೆಸ್ ಅಲ್ಲೇ ತಡೆದು ನಿಲ್ಲುತ್ತೆ. ನೀವು ಕೋಡ್‌ಗೆ ಸರಿಯಾಗಿ ಬೀಳಿಸುವ ದಾರಿಯನ್ನೇ ಬರೆದದ್ದು ಸರಿ. ಇಲ್ಲದಿದ್ದರೆ ಮಾಡೆಲ್ ಬೇರೆ, ಯಂತ್ರ ಬೇರೆ ಆಗುತ್ತಿತ್ತು. ಆದರೆ ಕೋಡ್‌ನಲ್ಲಿ ಆ ಡೀಫಾಲ್ಟ್ ಉಳಿಸಬೇಡಿ. ಏಳು ಸ್ಥಿತಿ, ಕಾರ್ಡ್‌ನ ನಾಲ್ಕು ಸಂದೇಶ, ಜೊತೆಗೆ ಟೈಮರ್. ಮೂವತ್ತೈದು ಮನೆಯ ಒಂದು ಕೋಷ್ಟಕ. ಒಂದು ಹಾಳೆಯಲ್ಲಿ ಹಿಡಿಸುತ್ತೆ. ಪ್ರತಿ ಮನೆಯಲ್ಲೂ ಏನು ಮಾಡಬೇಕು ಅಂತ ಬರೆಯಿರಿ. ‘ಬರೋಕೆ ಸಾಧ್ಯವೇ ಇಲ್ಲ’ ಅನ್ನಿಸುವ ಮನೆಯಲ್ಲಿ ಒಂದು ಅಸರ್ಟ್ ಇಡಿ, ಅಲ್ಲಿಗೆ ಬಂದರೆ ತಪ್ಪು ಅಂತ ತೋರಿಸುವ ಸಾಲು. ಸಾಧ್ಯವೋ ಇಲ್ಲವೋ ಸ್ಪಿನ್ ಹೇಳಲಿ.

ಆ ಎರಡು ದಾರಿಯನ್ನೂ ಒಂದೇ ಮಾಡಿಬಿಡಿ. ಕರೆ ಮಾಡಿದವರು ಇಟ್ಟರೂ ಟೈಮರ್ ಮುಗಿದರೂ ರಿಂಗ್ ನಿಲ್ಲಿಸುವ ಕೆಲಸ ಒಂದೇ ಅಲ್ವಾ? ಒಂದು ಕಾಯುತ್ತೆ, ಇನ್ನೊಂದು ಕಾಯಲ್ಲ ಅಂದರೆ ರಿಂಗ್ ಲೆಕ್ಕ ಇವತ್ತಲ್ಲ ನಾಳೆ ತಪ್ಪುತ್ತೆ.

ನಮ್ಮ ಕಡೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸೀ-ಡಾಟ್‌ನ 128 ಲೈನ್‌ನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಇಲ್ಲದ ಕೋಣೆಯಲ್ಲಿ ಓಡುವ ಹಾಗೆ ಮಾಡಿದ್ದರು. ಅಂಥ ಊರಿನಲ್ಲಿ ಎಕ್ಸ್‌ಚೇಂಜ್ ಕೈಕೊಟ್ಟರೆ ಪವರ್ ತೆಗೆದು ಹಾಕೋಕೆ ಪಕ್ಕದಲ್ಲಿ ಇಂಜಿನಿಯರ್ ಇರುತ್ತಿರಲಿಲ್ಲ. ಸಿಕ್ಕಿಕೊಂಡ ಲೈನ್ ತಾನೇ ಬಿಡಿಸಿಕೊಳ್ಳಬೇಕಿತ್ತು. ನಿಮ್ಮ ಆಸ್ಪತ್ರೆಗೂ ಅದೇ ಬೇಕು.

---

ಸಿಪ್_ಹುಬ್ಬಳ್ಳಿ

ಮೇಡಂ ಹೇಳಿದ್ದು ಖರೆ. ಈ ಅಡ್ಡಹಾಯುವ ಸಂದೇಶದ ಕಾಟ ಹಳೇ ತಂತಿ ಫೋನ್‌ಗೆ ಮಾತ್ರ ಅಂತ ತಿಳಿಯಬೇಡಿ. ನಾನು ದಿನಾ ನೋಡೋದು ಸಿಪ್, ಇಂಟರ್‌ನೆಟ್ ಫೋನ್ ಕರೆಗಳ ಪ್ರೋಟೋಕಾಲ್. ಅಲ್ಲಿ ಇದರ ಅಣ್ಣತಮ್ಮ ಇದ್ದಾರೆ. ಕರೆ ಮಾಡಿದವರು ಬೇಸತ್ತು ಕ್ಯಾನ್ಸಲ್ ಕಳಿಸುತ್ತಾರೆ. ಅದೇ ಹೊತ್ತಿಗೆ ಆ ಕಡೆಯವರು ಎತ್ತಿ 200 ಓಕೆ (ಕರೆ ಒಪ್ಪಿದೆ ಅನ್ನುವ ಉತ್ತರ) ಕಳಿಸಿರುತ್ತಾರೆ. ದಾರಿಯಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ಈಗ ಕರೆ ಆಯಿತೋ ರದ್ದಾಯಿತೋ? ಸಿಪ್‌ನ ನಿಯಮ ಬರೆದಿರುವ 2002ರ ದಾಖಲೆ ಆರ್‌ಎಫ್‌ಸಿ 3261ರ ಪ್ರಕಾರ ಕರೆ ಆಗಿದೆ. ಕರೆ ಮಾಡಿದ ಕಡೆ ಮೊದಲು ಆಕ್ (ಉತ್ತರ ತಲುಪಿತು) ಕೊಡಬೇಕು, ಆಮೇಲೆ ಬೈ ಕಳಿಸಿ ಮುಗಿಸಬೇಕು. ಇದನ್ನು ಮರೆತ ಫೋನ್‌ಗಳಲ್ಲಿ ಎತ್ತಿದವರು ಸುಮ್ನೆ ‘ಹಲೋ ಹಲೋ’ ಅನ್ನುತ್ತಾ ಕೂತಿರುತ್ತಾರೆ. ಇಂಥ ಅಡ್ಡಹಾಯುವಿಕೆಗಳಿಗೇ ಒಂದು ಪ್ರತ್ಯೇಕ ದಾಖಲೆ ಬಂತು, 2008ರ ಆರ್‌ಎಫ್‌ಸಿ 5407. ಇನ್‌ವೈಟ್‌ಗೆ (ಕರೆ ಶುರುಮಾಡುವ ಕೋರಿಕೆಗೆ) 200 ಉತ್ತರ ಬಂದಾಗಿನ ನಡವಳಿಕೆಯನ್ನು 2010ರಲ್ಲಿ ಆರ್‌ಎಫ್‌ಸಿ 6026 ತಿದ್ದಿತು. ಎಟಿ ಅಂಡ್ ಟಿಯಲ್ಲಿದ್ದ ಪಮೇಲಾ ಝೇವ್ ಅವರು ಸಿಪ್‌ನ ಇನ್‌ವೈಟ್ ಭಾಗವನ್ನು ಪ್ರೊಮೆಲಾದಲ್ಲೇ ಬರೆದು ಸ್ಪಿನ್‌ನಿಂದ ಪರೀಕ್ಷಿಸಿದ್ದಾರೆ. ನೂರಾರು ಪುಟದ ಇಂಗ್ಲಿಷ್ ಗದ್ಯದಲ್ಲಿ ಬರೆದಿಟ್ಟ ಪ್ರೋಟೋಕಾಲನ್ನು ನಾಲ್ಕು ಜನ ನಾಲ್ಕು ರೀತಿ ಓದುತ್ತಾರೆ. ಮಾಡೆಲ್ ಬರೆಯೋಕೆ ಕೂತಾಗಲೇ ಎಲ್ಲಿ ಏನು ಹೇಳಿಲ್ಲ ಅಂತ ಹೊರಗೆ ಬರೋದು.

ನಿಮಗೆ ನನ್ನ ಕಡೆಯಿಂದ ಒಂದೇ ಸಲಹೆ ನೋಡಿ. ‘ನಿಲ್ಲಿಸು’ಗೂ ‘ನಿಂತಿದೆ’ಗೂ ಒಂದು ಬಿಟ್‌ನ ನಂಬರ್ ಹಾಕಿ, 0 ಅಥವಾ 1. ಕಾರ್ಡ್ ತನಗೆ ಬಂದ ನಂಬರನ್ನೇ ವಾಪಸ್ ಕಳಿಸಲಿ. ಹಿಂದಿನ ಕರೆಯ ಉತ್ತರ ತಡವಾಗಿ ಬಂದು ಈ ಕರೆಯ ಉತ್ತರ ಅನ್ನಿಸಿಕೊಳ್ಳಬಾರದು. 1969ರ ಆಲ್ಟರ್ನೇಟಿಂಗ್ ಬಿಟ್ ಪ್ರೋಟೋಕಾಲ್‌ನ ಅದೇ ಉಪಾಯ. ಸಿಪ್‌ನಲ್ಲಿ ಸೀಸೆಕ್ ನಂಬರ್ ಇರೋದೂ ಯಾವ ಉತ್ತರ ಯಾವ ಕೋರಿಕೆಗೆ ಅಂತ ಹೊಂದಿಸೋಕೆ.

---

ಇಂಟರ್‌ಕಾಂ_ಮೈಸೂರು

ಎಲ್ಲರಿಗೂ ಮನಸಾರೆ ಧನ್ಯವಾದ. ಎಲ್ಲಿಗೆ ಬಂದಿದೆ ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗವಾಗಲಿ.

ಮೇಡಂ ಹೇಳಿದಂತೆ ಮೊದಲು ಕಾರ್ಡ್‌ನ ಆ ಒಂದು ಸಾಲು ಮಾತ್ರ ಬದಲಿಸಿ ಓಡಿಸಿದೆ. ತೆರವಿನ ಸೂತ್ರ ಪಾಸಾಯಿತು. ಎರಡನೇ ಸೂತ್ರ ಬಿತ್ತು, ಅವರು ಹೇಳಿದ ದಾರಿಯಲ್ಲೇ. ಬೋರ್ಡ್‌ನಲ್ಲಿ ಖಾಲಿ, ಕೈಯಲ್ಲಿ ರಿಸೀವರ್.

ಆಮೇಲೆ ಕೋಷ್ಟಕ ಬರೆದೆ. ತೆರವಿನ ಸಾಲಿನಲ್ಲಿ ‘ಎತ್ತಿದರು’ ಬಂದರೆ ರಿಂಗ್ ನಿಂತಿದೆ ಅಂತಲೇ ಅರ್ಥ, ಯಾಕೆಂದರೆ ರಿಸೀವರ್ ಎತ್ತಿದ ಕೂಡಲೇ ಲೈನ್‌ನಲ್ಲಿ ಕರೆಂಟ್ ಹರಿದು ಕಾರ್ಡ್ ರಿಂಗನ್ನು ತಾನೇ ಕತ್ತರಿಸುತ್ತೆ. ಹಾಗಾಗಿ ಆಗ ರಿಂಗ್ ಲೆಕ್ಕ ಇಳಿಸಿ ನೇರ ಡಯಲ್ ಟೋನ್ ಕೊಡುತ್ತೇವೆ. ಹಿಂದಿನಿಂದ ಬರುವ ‘ನಿಂತಿದೆ’ಯನ್ನು ಡಯಲ್ ಟೋನ್ ಸ್ಥಿತಿಯಲ್ಲಿ ಓದಿ ಬಿಡುತ್ತೇವೆ. ಎರಡು ದಾರಿಯೂ ಈಗ ತೆರವಿನ ಮೂಲಕವೇ ಹೋಗುತ್ತವೆ. ಎರಡೂ ಸೂತ್ರ ಪಾಸಾದವು. ಅನ್‌ರೀಚ್ಡ್ ಪಟ್ಟಿಯಲ್ಲಿ ಉಳಿದದ್ದು ಅಸರ್ಟ್ ಇಟ್ಟ ಮನೆಗಳು ಮಾತ್ರ, ಅವು ಉಳಿಯಬೇಕಾದವೇ.

ರಿಂಗ್ ಲೆಕ್ಕಕ್ಕೂ ಒಂದು ಅಸರ್ಟ್ ಇಟ್ಟಿದ್ದೆ, ಬೋರ್ಡ್ ರಿಂಗ್ ನಿಂತಿದೆ ಅಂದುಕೊಂಡಾಗ ಕಾರ್ಡ್ ನಿಜಕ್ಕೂ ನಿಲ್ಲಿಸಿರಬೇಕು ಅಂತ. ಅದು ಬಿತ್ತು. ಹುಬ್ಬಳ್ಳಿಯವರು ಹೇಳಿದ್ದೇ ಕಾರಣ. ಮೊದಲ ಕರೆಯ ‘ನಿಂತಿದೆ’ ಬಹಳ ತಡವಾಗಿ, ಎರಡನೇ ಕರೆಯ ತೆರವಿನಲ್ಲಿ ಬರುತ್ತೆ. ಕಾರ್ಡ್ ಆಗ ಎರಡನೇ ರಿಂಗನ್ನು ಇನ್ನೂ ಶುರುವೇ ಮಾಡಿಲ್ಲ, ಬೋರ್ಡ್ ಮಾತ್ರ ಮುಗಿಯಿತು ಅಂದುಕೊಳ್ಳುತ್ತೆ. ಮಧ್ಯೆ 45 ಸೆಕೆಂಡ್ ಟೈಮರ್ ಇರುವಾಗ ಇದು ನಿಜದಲ್ಲಿ ಆಗುತ್ತಾ? ಒಂದು ಬಿಟ್ ಸೇರಿಸೋದು ಕಷ್ಟವಲ್ಲ. ಆದರೆ ಕಾರ್ಡ್‌ಗಳ ಫರ್ಮ್‌ವೇರ್ ಆಸ್ಪತ್ರೆಗೆ ಹೋಗಿ ಒಂದೊಂದಾಗಿ ಬದಲಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

---

ಹಳೇ_ಎಕ್ಸ್‌ಚೇಂಜ್_ಜಯನಗರ

ಟೈಮರ್ ದಾರಿಯಲ್ಲಿ ಆಗಲ್ಲ. ಕಾರ್ಡ್ ಒಂದು ಸಂದೇಶ ಓದೋಕೆ 45 ಸೆಕೆಂಡ್ ತಗೊಳ್ಳಲ್ಲ. ಆದರೆ ಎರಡು ದಾರಿಯನ್ನು ನೀವು ಒಂದು ಮಾಡಿದ್ದೀರಿ ಈಗ. ಕರೆ ಮಾಡಿದವರು ಒಂದು ರಿಂಗ್ ಕೊಟ್ಟು ಇಟ್ಟುಬಿಟ್ಟರೂ ತೆರವಿಗೆ ಹೋಗುತ್ತೆ. ಅಲ್ಲಿ 45 ಸೆಕೆಂಡ್‌ನ ರಕ್ಷಣೆ ಇಲ್ಲ. ರೀಡಯಲ್ ಒತ್ತಿ ತಕ್ಷಣ ಇಡುವವರು ಇದ್ದೇ ಇರುತ್ತಾರೆ. ಬೋರ್ಡ್‌ಗೂ ಕಾರ್ಡ್‌ಗಳಿಗೂ ನಡುವಿನ ಸಂದೇಶದ ತಂತಿಯಲ್ಲಿ (ಬಸ್) ಗದ್ದಲ ಆಗಿ ಕಾರ್ಡ್ ಸಂದೇಶವನ್ನು ಮತ್ತೆ ಮತ್ತೆ ಕಳಿಸುವ ವ್ಯವಸ್ಥೆ ನಿಮ್ಮಲ್ಲಿ ಇದ್ದರಂತೂ ತಡ ಇನ್ನೂ ಜಾಸ್ತಿ.

ಹೇಗೂ ‘ನಿಲ್ಲಿಸು’ಗೆ ಉತ್ತರ ಕೊಡುವ ಆ ಸಾಲಿಗಾಗಿ ಕಾರ್ಡ್ ಫರ್ಮ್‌ವೇರ್ ಬದಲಿಸಲೇಬೇಕು. ಅದೇ ಸುತ್ತಿನಲ್ಲಿ ಬಿಟ್ ಹಾಕಿ. ಹಳೇ ಕಾರ್ಡ್ ಒಂದೆರಡು ಉಳಿದಿರುವಾಗ ಬೋರ್ಡ್ ಹೊಸದಾಗಿದ್ದರೆ ಏನಾಗುತ್ತೆ ಅನ್ನೋದನ್ನೂ ಮಾಡೆಲ್‌ನಲ್ಲಿ ಮೊದಲೇ ನೋಡಿ, 305ಕ್ಕೆ ಹೊಸ ಕಾರ್ಡ್, 202ಕ್ಕೆ ಹಳೇದು ಅಂತ ಇಟ್ಟು. ಕಾರ್ಡ್ ಬದಲಿಸುವ ಕೆಲಸ ಆಸ್ಪತ್ರೆಯಲ್ಲಿ ಒಂದೇ ದಿನಕ್ಕೆ ಮುಗಿಯಲ್ಲ. ಅಷ್ಟು ದಿನವೂ ಅಲ್ಲಿನ ಫೋನ್‌ಗಳು ಕೆಲಸ ಮಾಡಬೇಕು.